ಓಟ ಮುಗಿದ ಮೇಲಿನ ಲೆಕ್ಕ

ಹೊತ್ತು ಕಳೆಯಲು ಒಬ್ಬೊಬ್ಬರಿಗೆ ಒಂದೊಂದು ಹವ್ಯಾಸ. ಕೆಲವರು ಪದಬಂಧ ಬಿಡಿಸುತ್ತಾರೆ, ಕೆಲವರು ಅಂಚೆಚೀಟಿ ಕೂಡಿಡುತ್ತಾರೆ. ನನ್ನ ಹವ್ಯಾಸ ಸ್ವಲ್ಪ ವಿಚಿತ್ರ. ಇಂಗ್ಲೆಂಡಿನ ಗ್ರೇಹೌಂಡ್ ನಾಯಿಗಳ ಓಟದ ಫಲಿತಾಂಶ ಓದುವುದು! ಇದರ ಮೇಲೆ ಜೂಜು ಕಟ್ಟುವವರಿದ್ದಾರೆ. ನಾನು ಒಂದು ಪೈಸೆಯನ್ನೂ ಕಟ್ಟುವವನಲ್ಲ. ಬ್ಯಾಂಕಿನಲ್ಲಿ ಅಂಕಿಗಳ ಸಾಲು ನೋಡಿ ನೋಡಿ ಪಳಗಿದ ಕಣ್ಣಿಗೆ ಈ ಪಟ್ಟಿಯೂ ಒಂದು ಲೆಡ್ಜರಿನಂತೆ ಕಾಣುತ್ತದೆ, ಅಷ್ಟೆ.

ಮಕ್ಕಳೇ, ಮೊದಲು ಆಟ ಏನೆಂದು ಹೇಳುತ್ತೇನೆ. ನಮ್ಮ ಮುಧೋಳ ನಾಯಿಯ ಹಾಗೆ ಗ್ರೇಹೌಂಡ್ ಕೂಡ ಕಣ್ಣಿನಿಂದ ಬೇಟೆ ಗುರುತಿಸಿ ಅಟ್ಟಿಸಿಕೊಂಡು ಹೋಗುವ ಜಾತಿ. ಉದ್ದ ಕಾಲು, ಆಳವಾದ ಎದೆ, ಸಣ್ಣ ಸೊಂಟ. ಓಟದಲ್ಲಿ ನಿಜವಾದ ಮೊಲ ಇರುವುದಿಲ್ಲ. ಯಂತ್ರ ಎಳೆದೊಯ್ಯುವ ಗೊಂಬೆಮೊಲದ ಹಿಂದೆ ನಾಯಿಗಳು ಓಡುತ್ತವೆ. ಬ್ರಿಟನ್ನಿನಲ್ಲಿ ದುಂಡು ಹಾದಿಯ ಈ ಓಟ ಶುರುವಾದದ್ದು 1926ರ ಜುಲೈ 24ರಂದು, ಮ್ಯಾಂಚೆಸ್ಟರಿನ ಬೆಲ್ ವ್ಯೂ ಎಂಬಲ್ಲಿ.

ಅಲ್ಲಿ ಸಾಮಾನ್ಯವಾಗಿ ಒಂದು ಓಟಕ್ಕೆ ಆರು ನಾಯಿಗಳು. ಒಂದನೆಯದಕ್ಕೆ ಕೆಂಪು ಅಂಗಿ, ಎರಡಕ್ಕೆ ನೀಲಿ, ಮೂರಕ್ಕೆ ಬಿಳಿ, ನಾಲ್ಕಕ್ಕೆ ಕಪ್ಪು, ಐದಕ್ಕೆ ಕಿತ್ತಳೆ, ಆರಕ್ಕೆ ಕಪ್ಪುಬಿಳಿ ಪಟ್ಟೆ. ಫಲಿತಾಂಶದಲ್ಲಿ ಪ್ರತಿ ನಾಯಿಯ ಮುಂದೆ ಅದು ಓಡಿದ ಸಮಯ, ಪಕ್ಕದಲ್ಲಿ ಚುಟುಕು ಟಿಪ್ಪಣಿ. ‘ಎಸ್‌ಎಡಬ್ಲ್ಯೂ’ ಎಂದರೆ ಹೊರಡುವಾಗ ತಡವಾಯಿತು. ‘ಬಿಎಂಪಿ’ ಎಂದರೆ ಇನ್ನೊಂದು ನಾಯಿ ಡಿಕ್ಕಿ ಹೊಡೆಯಿತು. ಹೀಗಾಗಿ ನಾಲ್ಕನೆಯದಾಗಿ ಬಂದ ನಾಯಿ ಸೋಮಾರಿಯೇ, ದುರದೃಷ್ಟದ್ದೇ ಎಂಬುದು ಟಿಪ್ಪಣಿ ಓದಿದವರಿಗೇ ಗೊತ್ತಾಗುವುದು. ಪರೀಕ್ಷೆಯ ಅಂಕಪಟ್ಟಿಗೂ ಇಂಥದೊಂದು ಟಿಪ್ಪಣಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಲೆಕ್ಕವೂ ಸ್ವಾರಸ್ಯವಾಗಿದೆ. 480 ಮೀಟರನ್ನು 28.80 ಸೆಕೆಂಡಿನಲ್ಲಿ ಮುಗಿಸಿದ ನಾಯಿಯ ವೇಗ ಗಂಟೆಗೆ ಸರಿಯಾಗಿ 60 ಕಿ.ಮೀ. ಎರಡು ನಾಯಿಗಳ ನಡುವಿನ ಅಂತರವನ್ನು ‘ನಾಯಿಯುದ್ದ’ದಲ್ಲಿ ಹೇಳುತ್ತಾರೆ. ಒಂದು ಉದ್ದಕ್ಕೆ 0.08 ಸೆಕೆಂಡು. ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ನಾಯಿ ಇನ್ನೊಂದನ್ನು ದಾಟಿರುತ್ತದೆ.

ಈ ಆಟದ ದೊಡ್ಡ ಹೆಸರು ಐರ್ಲೆಂಡಿನ ಮಿಕ್ ದಿ ಮಿಲ್ಲರ್. 1929 ಮತ್ತು 1930ರಲ್ಲಿ, ಎರಡು ವರ್ಷ ಒಂದರ ಹಿಂದೊಂದು, ಇಂಗ್ಲಿಷ್ ಡರ್ಬಿ ಗೆದ್ದ ನಾಯಿ. ಅದು ಕೊನೆಯ ಬಾರಿ ಓಡಿದ್ದು 1931ರಲ್ಲಿ. ಆಮೇಲೆ ಒಂದು ಸಿನಿಮಾದಲ್ಲೂ ಕಾಣಿಸಿಕೊಂಡು, 1939ರವರೆಗೆ ಬದುಕಿತ್ತು. ಅದರ ದೇಹವನ್ನು ಟ್ರಿಂಗ್ ಊರಿನ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿ ಇಟ್ಟಿದ್ದಾರೆ.

ನನ್ನನ್ನು ಕಾಡುವುದು 1931ರಿಂದ 1939ರವರೆಗಿನ ಆ ಅವಧಿ. ಗ್ರೇಹೌಂಡಿನ ಆಯುಷ್ಯ ಸುಮಾರು ಹನ್ನೆರಡು ವರ್ಷ. ಆದರೆ ನಾಲ್ಕೈದು ವರ್ಷಕ್ಕೇ ಅದರ ಹೆಸರು ಪಟ್ಟಿಯಿಂದ ಮಾಯವಾಗುತ್ತದೆ. ಬ್ಯಾಂಕಿನಲ್ಲಿ ಒಂದು ಖಾತೆ ಮುಚ್ಚಿದರೆ ಶಿಲ್ಕು ಎಲ್ಲಿಗೆ ಹೋಯಿತೆಂದು ಬರೆಯಲೇಬೇಕು. ಫಲಿತಾಂಶದ ಪಟ್ಟಿಯಲ್ಲಿ ಆ ಕೊನೆಯ ಸಾಲೇ ಇಲ್ಲ. ಮಿಕ್ ಹೆಸರುವಾಸಿ, ಅದರ ಕತೆ ಉಳಿಯಿತು. ಐದನೆಯದಾಗಿ ಬಂದ ನಾಯಿಯ ಗತಿ?

ತಿರುವಿನಲ್ಲಿ ಡಿಕ್ಕಿಯಾಗಿ ಕಾಲು ಮುರಿದುಕೊಳ್ಳುವ ನಾಯಿಗಳಿವೆ. ಜೀವ ಕಳೆದುಕೊಳ್ಳುವವೂ ಇವೆ. ಜನ ಕೇಳಿದ್ದರಿಂದಲೇ ಬ್ರಿಟನ್ನಿನ ಗ್ರೇಹೌಂಡ್ ಮಂಡಳಿ 2018ರಿಂದೀಚೆಗೆ ಗಾಯ, ಸಾವು, ನಿವೃತ್ತಿಗಳ ಲೆಕ್ಕವನ್ನು ವರ್ಷವರ್ಷವೂ ಹೊರಗೆ ಹಾಕುತ್ತಿದೆ. ಅಮೆರಿಕದ ಫ್ಲಾರಿಡಾದಲ್ಲಿ 2018ರಲ್ಲಿ ಮತದಾರರೇ ಈ ಓಟ ಬೇಡವೆಂದರು. ನ್ಯೂಜಿಲೆಂಡ್ ಸರ್ಕಾರವೂ 2024ರ ಡಿಸೆಂಬರಿನಲ್ಲಿ ನಿಲ್ಲಿಸುವ ತೀರ್ಮಾನ ಪ್ರಕಟಿಸಿತು. ಓಟ ಬಿಟ್ಟ ನಾಯಿಗಳಿಗೆ ಮನೆ ಹುಡುಕಿಕೊಡುವ ಸಂಸ್ಥೆಗಳೂ ಇವೆ. ಅಷ್ಟು ವೇಗದ ಪ್ರಾಣಿ ಮನೆಗೆ ಬಂದರೆ ಹಗಲೆಲ್ಲ ಸೋಫಾದ ಮೇಲೆ ನಿದ್ದೆ ಹೊಡೆಯುತ್ತದಂತೆ!

ಎಂದಾದರೂ ಈ ಓಟಗಳೆಲ್ಲ ನಿಂತುಹೋದರೆ ನನ್ನ ಹವ್ಯಾಸವೂ ನಿಲ್ಲುತ್ತದೆ. ಪರವಾಗಿಲ್ಲ, ಪದಬಂಧಕ್ಕೆ ಹೋಗುತ್ತೇನೆ. ಅದುವರೆಗೆ ಗೆದ್ದ ನಾಯಿ ಯಾವುದೆಂದು ನೋಡಿದ ಮೇಲೆ, ಕಾಣೆಯಾದ ಹೆಸರು ಯಾವುದೆಂದೂ ನೋಡುತ್ತೇನೆ. ಹೊಸ ಮನೆ ಸಿಕ್ಕಿದ ಸುದ್ದಿ ಕಣ್ಣಿಗೆ ಬಿದ್ದ ದಿನ ಆ ಖಾತೆ ಸರಿಯಾಗಿ ಮುಚ್ಚಿತೆಂದು ಸಮಾಧಾನ.

ಈ ವಾರದ ಲೆಕ್ಕ: ಒಂದು ನಾಯಿ 15 ತಿಂಗಳಿಗೆ ಓಟ ಶುರುಮಾಡಿ, 4 ವರ್ಷ ತುಂಬಿದಾಗ ನಿಲ್ಲಿಸಿ, 12 ವರ್ಷ ಬಾಳಿತು. ಅದರ ಆಯುಷ್ಯದಲ್ಲಿ ಓಟದ ಪಾಲೆಷ್ಟು? ಕಾಲು ಭಾಗಕ್ಕಿಂತ ಕಡಿಮೆ ಬಂದರೆ ನಿಮ್ಮ ಉತ್ತರ ಸರಿ. ಉಳಿದ ಪಾಲನ್ನು ಅದು ಹೇಗೆ ಕಳೆಯಬೇಕೆಂದು ಮನೆಯವರ ಜೊತೆ ಕೂತು ಮಾತಾಡಿ.