ಹಿಡಿ ತಿರುಗಿಸುವ ಕೈ ಯಾರದು?

“ಮೆಷಿನ್ ಇದೆಯಲ್ಲ, ನಿಂಗೇನಮ್ಮ ಕಷ್ಟ? ಗುಂಡಿ ಒತ್ತಿದ್ರೆ ಆಯ್ತು!”

ಈ ಮಾತು ಕೇಳದ ಗೃಹಿಣಿ ಯಾರಿದ್ದಾರೆ ಹೇಳಿ? ಗಂಡ ಅಂತಾನೆ, ಮಕ್ಕಳು ಅಂತಾರೆ, ಊರಿಂದ ಬಂದ ನೆಂಟರೂ ಒಂದು ಮಾತು ಅಂದೇ ಹೋಗ್ತಾರೆ. ಆದರೆ ಬಟ್ಟೆ ತಾನಾಗಿ ಎದ್ದು ನಡೆದುಕೊಂಡು ಹೋಗಿ ಮೆಷಿನ್ನಿನಲ್ಲಿ ಕೂರೋದಿಲ್ಲ. ಒಗೆದ ಮೇಲೆ ತಾನೇ ತಂತಿ ಏರಿ ಒಣಗೋದೂ ಇಲ್ಲ. ಜೇಬು ತಡಕೋದು, ಬಣ್ಣ ಬಿಡುವ ಬಟ್ಟೆ ಬೇರೆ ಮಾಡೋದು, ಕಾಲರ್ ತಿಕ್ಕೋದು, ಹರವೋದು, ಮಳೆ ಹನಿ ಬಿದ್ದರೆ ಓಡೋದು, ಮಡಚೋದು, ಯಾರದು ಯಾರಿಗೆ ಅಂತ ಕಪಾಟಿಗೆ ಸೇರಿಸೋದು... ಇದೆಲ್ಲ ಆ ಗುಂಡಿಗೆ ಗೊತ್ತೇ?

“ಮೆಷಿನ್ ಬಂತು, ಹೆಂಗಸರ ಕಷ್ಟ ಮುಗೀತು” ಅನ್ನುವ ಈ ಮಾತು ಇಂದು ನಿನ್ನೆಯದಲ್ಲ. ಕರೆಂಟೇ ಇಲ್ಲದ ಕಾಲದಲ್ಲಿ, ಕೈಯಿಂದ ಹಿಡಿ ತಿರುಗಿಸಿ ಬಟ್ಟೆ ಒಗೆಯುವ ಯಂತ್ರಗಳು ಯುರೋಪ್, ಅಮೆರಿಕಗಳಲ್ಲಿ ಬಂದವಲ್ಲ, ಆಗಿನಿಂದಲೂ ಇದೆ. ಆ ಯಂತ್ರಗಳ ಒಳಗು ಹೇಗಿತ್ತು ಅಂತ ಒಮ್ಮೆ ಬಗ್ಗಿ ನೋಡಿದರೆ, ನಮ್ಮ ಮನೆಯ ಬಚ್ಚಲಿನ ಕಥೆಯೂ ಅರ್ಥವಾಗುತ್ತದೆ.

ಕಲಕುವುದೋ, ಕುಕ್ಕುವುದೋ?

ಬಟ್ಟೆಯ ಕೊಳೆ ಹೋಗಬೇಕಾದರೆ ಸೋಪು ನೀರು ಎಳೆ ಎಳೆಯ ನಡುವೆ ನುಗ್ಗಿ ಹೊರಗೆ ಬರಬೇಕು. ಅದಕ್ಕೇ ನಮ್ಮಲ್ಲಿ ಕಲ್ಲಿಗೆ ಬಡಿಯೋದು, ಕುಕ್ಕೋದು, ತಿಕ್ಕೋದು. ಇಂಗ್ಲೆಂಡಿನ ಹೆಂಗಸರು ಮಾಡುತ್ತಿದ್ದುದೂ ಹೆಚ್ಚುಕಡಿಮೆ ಅದೇ. ಹಾಲು ಕರೆಯುವಾಗ ಕೂರುವ ಮಣೆಯನ್ನು ತಲೆಕೆಳಗು ಮಾಡಿ ಉದ್ದ ಕೋಲು ಸಿಕ್ಕಿಸಿದಂಥ ಸಾಧನ ಒಂದಿತ್ತು. ‘ಡಾಲಿ’ ಅಂತ ಅದರ ಹೆಸರು. ಬಿಸಿನೀರಿನ ತೊಟ್ಟಿಯೊಳಗೆ ಅದನ್ನು ಇಳಿಬಿಟ್ಟು, ಅತ್ತಿತ್ತ ತಿರುಗಿಸಿ ಬಟ್ಟೆ ಕಲಕುತ್ತಿದ್ದರು. ರಟ್ಟೆ ಬಿದ್ದುಹೋಗುವ ಕೆಲಸ. ಎಷ್ಟೋ ಮನೆಗಳಲ್ಲಿ ಸೋಮವಾರ ಒಗೆತ, ಮಂಗಳವಾರ ಇಸ್ತ್ರಿ ಅಂತ ವಾರವೇ ಹಂಚಿಹೋಗಿತ್ತು.

ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬೇಕು ಅಂತ ಗಂಡಸರಿಗೂ ಅನ್ನಿಸಿತು. ಜರ್ಮನಿಯ ರೇಗನ್ಸ್‌ಬರ್ಗ್‌ನಲ್ಲಿದ್ದ ಪಾದ್ರಿ, ಪ್ರಕೃತಿ ವಿಜ್ಞಾನಿ ಯಾಕೊಬ್ ಕ್ರಿಸ್ಟಿಯನ್ ಶೇಫರ್ 1767ರಲ್ಲಿ ಒಗೆಯುವ ಯಂತ್ರದ ವಿನ್ಯಾಸವನ್ನೇ ಪ್ರಕಟಿಸಿದರು. 1782ರಲ್ಲಿ ಇಂಗ್ಲೆಂಡಿನ ಹೆನ್ರಿ ಸಿಜರ್ ಇನ್ನೊಂದು ದಾರಿ ಹಿಡಿದು ಪೇಟೆಂಟ್ ಪಡೆದರು. ಮರದ ಸರಳುಗಳನ್ನು ಜೋಡಿಸಿ ಮಾಡಿದ ಪಂಜರದಂಥ ಉರುಳೆ, ಅದಕ್ಕೊಂದು ಹಿಡಿ. ಹಿಡಿ ತಿರುಗಿಸಿದರೆ ಉರುಳೆ ನೀರಿನಲ್ಲಿ ಉರುಳುತ್ತದೆ. ಸರಳುಗಳ ಸಂದಿಯಿಂದ ನೀರು ಒಳಗೂ ಹೊರಗೂ ಆಡುತ್ತದೆ. ಬಟ್ಟೆ ಮೇಲಕ್ಕೇರಿ ದೊಪ್ಪನೆ ಕೆಳಗೆ ಬೀಳುತ್ತದೆ. ಅಂದರೆ ಕಲ್ಲಿಗೆ ಬಡಿಯುವ ಕೆಲಸವನ್ನು ಬಟ್ಟೆಯ ತೂಕವೇ ಮಾಡಿಕೊಳ್ಳುತ್ತದೆ! 1851ರಲ್ಲಿ ಅಮೆರಿಕದ ಜೇಮ್ಸ್ ಕಿಂಗ್ ಕೂಡ ಉರುಳೆಯಿದ್ದ ಕೈಯಂತ್ರಕ್ಕೆ ಪೇಟೆಂಟ್ ಪಡೆದರು. ಇವತ್ತಿನ ಫ್ರಂಟ್ ಲೋಡ್ ಮೆಷಿನ್ ಇದೇ ವಂಶದ ಕುಡಿ.

ಇನ್ನೊಂದು ವಂಶ ಡಾಲಿಯದ್ದು. ತೊಟ್ಟಿಯ ಮುಚ್ಚಳಕ್ಕೇ ಡಾಲಿಯನ್ನು ಜೋಡಿಸಿ, ಮೇಲೆ ಹಲ್ಲಿನ ಚಕ್ರಗಳನ್ನು ಕೂರಿಸಿ, ಪಕ್ಕದಲ್ಲಿ ಹಿಡಿ ಕೊಟ್ಟರು. ಆದರೆ ಒಂದೇ ದಿಕ್ಕಿಗೆ ತಿರುಗಿಸುತ್ತಾ ಹೋದರೆ ಏನಾಗುತ್ತೆ? ಬಟ್ಟೆಯೆಲ್ಲ ಡಾಲಿಯ ಕಾಲಿಗೆ ಸುತ್ತಿಕೊಂಡು ಹಗ್ಗವಾಗಿಬಿಡುತ್ತೆ, ಹರಿದೂ ಹೋಗುತ್ತೆ. ಹಾಗಾಗಿ ಡಾಲಿ ಅರ್ಧ ಸುತ್ತು ಆಚೆ, ಅರ್ಧ ಸುತ್ತು ಈಚೆ ಹೋಗುವಂತೆ ಚಕ್ರಗಳನ್ನು ಹೊಂದಿಸಿದರು. ಮಜ್ಜಿಗೆ ಕಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡಗೋಲಿಗೆ ಸುತ್ತಿದ ಹಗ್ಗವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯೋದು ಇದೇ ಉಪಾಯ. ಕೆಲವು ಯಂತ್ರಗಳಿಗೆ ಭಾರದ ಗಾಲಿಯನ್ನೂ ಸೇರಿಸಿದರು. ಒಮ್ಮೆ ವೇಗ ಹಿಡಿದರೆ ಆ ಗಾಲಿ ತನ್ನ ಓಟದಿಂದ ಕೈಗೆ ಸ್ವಲ್ಪ ಆಸರೆಯಾಗುತ್ತಿತ್ತು. ತೊಟ್ಟಿಲಿನ ಹಾಗೆ ಪೆಟ್ಟಿಗೆಯನ್ನೇ ತೂಗುವ ಯಂತ್ರಗಳೂ ಬಂದವು. ಇವತ್ತಿನ ಟಾಪ್ ಲೋಡ್ ಮೆಷಿನ್ ನಡುವೆ ಗರಗರ ಅಂತ ಅತ್ತಿತ್ತ ಆಡುತ್ತದಲ್ಲ, ಅದು ಆ ಡಾಲಿಯ ಮೊಮ್ಮಗಳು.

ಹಿಂಡುವ ಕಷ್ಟಕ್ಕೊಂದು ಗಾಣ

ಒಗೆಯೋದಕ್ಕಿಂತ ಹಿಂಡೋದೇ ಕಷ್ಟ ಅನ್ನುವವರಿದ್ದಾರೆ. ನೀರು ಕುಡಿದ ಬೆಡ್‌ಶೀಟ್ ಹಿಂಡಿ ಹಿಂಡಿ ಮಣಿಕಟ್ಟು ನೋವು ಬಂದವರಿಗೆ ಗೊತ್ತು ಅದರ ಸಂಕಟ. ಇದಕ್ಕೆ ಎರಡು ಉರುಳೆಗಳ ಹಿಂಡುಯಂತ್ರ ಬಂತು. ಥೇಟ್ ಕಬ್ಬಿನ ಹಾಲಿನ ಗಾಣ! ಸ್ಪ್ರಿಂಗು, ತಿರುಪುಗಳ ಒತ್ತಡದಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ಉರುಳೆ. ಹಿಡಿ ತಿರುಗಿಸಿ ಬಟ್ಟೆಯ ತುದಿ ಕೊಟ್ಟರೆ ನೀರು ಈ ಕಡೆ, ಬಟ್ಟೆ ಆ ಕಡೆ. ಕೆನಡಾದ ಸೇಂಟ್ ಜಾನ್ ಊರಿನ ಜಾನ್ ಟರ್ನ್‌ಬುಲ್ 1843ರಲ್ಲೇ ಹಿಂಡುವ ಉರುಳೆಗಳಿದ್ದ ಒಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. ಮುಂದೆ ಉರುಳೆಗೆ ರಬ್ಬರ್ ಹೊದಿಕೆ ಬಂದಮೇಲೆ ಕೆಲಸ ಇನ್ನಷ್ಟು ಸಲೀಸಾಯಿತು. ಜೊತೆಗೆ ಗುಂಡಿಗಳು ಚೂರಾಗುತ್ತಿದ್ದವು, ಅಜಾಗರೂಕತೆಯಾದರೆ ಬೆರಳೂ ಸಿಕ್ಕಿಕೊಳ್ಳುತ್ತಿತ್ತು, ಅದು ಬೇರೆ ಮಾತು.

ಈ ಹಿಂಡುಯಂತ್ರದ ಜೊತೆ ನಾವು ನೆನಪಿಡಬೇಕಾದ ಹೆಸರು ಎಲೆನ್ ಎಗ್ಲಿನ್ ಅವರದು. ವಾಷಿಂಗ್ಟನ್‌ನಲ್ಲಿದ್ದ ಕಪ್ಪು ವರ್ಣದ ಮಹಿಳೆ. ಅವರು ರೂಪಿಸಿದ ಹಿಂಡುಯಂತ್ರದ ಹಕ್ಕನ್ನು 1888ರಲ್ಲಿ ಬರೀ 18 ಡಾಲರಿಗೆ ಮಾರಿಬಿಟ್ಟರು. ಯಾಕೆ ಗೊತ್ತಾ? ಕಪ್ಪು ಹೆಂಗಸು ಮಾಡಿದ್ದು ಅಂತ ಗೊತ್ತಾದರೆ ಬಿಳಿಯ ಹೆಂಗಸರು ಅದನ್ನು ಕೊಳ್ಳುವುದಿಲ್ಲ ಅಂತ ಅವರೇ ಆಮೇಲೆ ಹೇಳಿಕೊಂಡರು. ಹಿಂಡಿ ಹಿಂಡಿ ಕೈ ಸೋತವರಿಗೇ ಒಳ್ಳೆಯ ಯಂತ್ರ ಹೊಳೆಯೋದು. ಆದರೆ ಹೆಸರೂ ದುಡ್ಡೂ ಮತ್ಯಾರದೋ ಪಾಲು.

ಪ್ರೀತಿಯ ಉಡುಗೊರೆ

ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲಫ್ಟನ್ ಊರಿನ ವಿಲಿಯಂ ಬ್ಲ್ಯಾಕ್‌ಸ್ಟೋನ್ ಕಥೆ ಬಹಳ ಪ್ರಸಿದ್ಧ. 1874ರಲ್ಲಿ ಹೆಂಡತಿಯ ಹುಟ್ಟುಹಬ್ಬಕ್ಕೆ ಅಂತ ಮರದ ತೊಟ್ಟಿ, ಗೂಟ, ಚಕ್ರ, ಹಿಡಿ ಸೇರಿಸಿ ಒಗೆಯುವ ಯಂತ್ರ ಮಾಡಿಕೊಟ್ಟರಂತೆ. ಆಮೇಲೆ ಅಂಥದ್ದನ್ನೇ ಎರಡೂವರೆ ಡಾಲರಿಗೆ ಒಂದರಂತೆ ಮಾರಿದರಂತೆ. ಪ್ರೀತಿಯ ಗಂಡ, ಒಪ್ಪೋಣ. ಆದರೆ ಒಂದು ಪ್ರಶ್ನೆ ಕೇಳಬಾರದೇ? ಆ ಹಿಡಿಯನ್ನು ತಿರುಗಿಸಿದ್ದು ಯಾರು? ಹುಟ್ಟುಹಬ್ಬದ ಉಡುಗೊರೆ ಅಂತ ಮಿಕ್ಸಿ, ಕುಕ್ಕರ್ ಪಡೆದ ಗೆಳತಿಯರಿಗೆ ಈ ಪ್ರಶ್ನೆ ಚೆನ್ನಾಗಿ ಅರ್ಥವಾಗುತ್ತೆ ಬಿಡಿ.

ಹೆಸರುಗಳನ್ನು ನೋಡಿದರಂತೂ ನಗು ಬರುತ್ತೆ. ಬೇಸಾಯದ ಉಪಕರಣ ಮಾಡುತ್ತಿದ್ದ ಅಯೋವಾದ ಮೇಟ್ಯಾಗ್ ಕಂಪನಿ 1907ರಲ್ಲಿ ತನ್ನ ಮೊದಲ ಒಗೆಯುವ ಯಂತ್ರವನ್ನು ಹೊರತಂದಿತು. ಮರದ ತೊಟ್ಟಿ, ಕೈಯಿಂದ ತಿರುಗಿಸುವ ಹಿಡಿ. ಅದಕ್ಕಿಟ್ಟ ಹೆಸರು ‘ಪಾಸ್‌ಟೈಮ್’! ಅಂದರೆ ಹೊತ್ತು ಕಳೆಯುವ ಹವ್ಯಾಸ. ಕುದಿಯುವ ನೀರಿನ ಪಕ್ಕ ನಿಂತು ಮನೆಮಂದಿಯ ಕೊಳೆ ಬಟ್ಟೆ ಒಗೆಯೋದು ಕಾಲಕ್ಷೇಪವಂತೆ! ಮತ್ತೊಂದು ಮಾದರಿಗೆ ‘ಹೈರ್ಡ್ ಗರ್ಲ್’ ಅಂತ ಹೆಸರು, ಅಂದರೆ ಕೆಲಸದ ಹುಡುಗಿ. ಯಂತ್ರಕ್ಕೂ ಹೆಣ್ಣಿನ ಹೆಸರೇ ಬೇಕಾಯಿತು ನೋಡಿ.

ವಿನ್ಯಾಸಕ್ಕೆ ಕಾಣದ ಕೆಲಸ

ಈ ಯಂತ್ರಗಳ ಜಾಣ್ಮೆಯನ್ನು ನಾನು ಹೀಗಳೆಯೋದಿಲ್ಲ. ಕೈ ಸುಡುವ ನೀರಿಂದ ಬೆರಳುಗಳನ್ನು ಹೊರಗಿಟ್ಟವು, ಬೆನ್ನು ಬಗ್ಗಿಸಿ ತಿಕ್ಕುವುದನ್ನು ತಪ್ಪಿಸಿದವು. ಅದೇನು ಸಣ್ಣ ಉಪಕಾರವಲ್ಲ. ನನ್ನ ತಕರಾರು ಬೇರೆ. ಚಕ್ರ ಜೋಡಿಸಿದವರ ಕಣ್ಣಿಗೆ ಕಂಡಿದ್ದು ತಿಕ್ಕುವ, ಹಿಂಡುವ ಕೈ ಮಾತ್ರ. ಅದಕ್ಕೆ ಮೊದಲು ನೀರು ತಂದ ಸೊಂಟ, ಒಲೆಗೆ ಸೌದೆ ಒಟ್ಟಿದ ಕಣ್ಣು, ಆಮೇಲೆ ಒಣಹಾಕಿದ ಭುಜ, ಇವು ಕಾಣಲೇ ಇಲ್ಲ.

1886ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಲೆಕ್ಕ ಹಾಕಿದ್ದರು. ದಿನಕ್ಕೆ ಎಂಟ್ಹತ್ತು ಸಲ ನೀರಿಗೆ ಹೋಗುವ ಗೃಹಿಣಿ ವರ್ಷಕ್ಕೆ 148 ಮೈಲಿ ನಡೆಯುತ್ತಾಳೆ, 36 ಟನ್ನಿಗೂ ಹೆಚ್ಚು ನೀರು ಹೊರುತ್ತಾಳೆ ಅಂತ. 148 ಮೈಲಿ ಅಂದರೆ ಸುಮಾರು 238 ಕಿಲೋಮೀಟರ್! ನಲ್ಲಿ ಇಲ್ಲದ ಮನೆಗೆ ಎಂಥ ಹಿಡಿಯಂತ್ರ ತಂದಿಟ್ಟರೂ ಈ ನಡಿಗೆಯಲ್ಲಿ ಒಂದು ಹೆಜ್ಜೆಯೂ ಕಡಿಮೆಯಾಗೋದಿಲ್ಲ.

ಕರೆಂಟಿನ ಮೆಷಿನ್, ಮನೆಯೊಳಗೇ ನಲ್ಲಿ ಎರಡೂ ಬಂದ ಮೇಲೆ ಬದುಕು ನಿಜವಾಗಿ ಬದಲಾಯಿತು. ಸ್ವೀಡನ್ನಿನ ತಜ್ಞ ಹಾನ್ಸ್ ರೋಸ್ಲಿಂಗ್ 2010ರ ಒಂದು ಭಾಷಣದಲ್ಲಿ, ಮೆಷಿನ್ ಉಳಿಸಿಕೊಟ್ಟ ಹೊತ್ತಿನಲ್ಲಿ ತಮ್ಮ ತಾಯಿ ಮಗನನ್ನು ಗ್ರಂಥಾಲಯಕ್ಕೆ ಕರೆದೊಯ್ಯಲು ಸಾಧ್ಯವಾಯಿತು ಅಂತ ನೆನೆದಿದ್ದರು. ಒಪ್ಪುವ ಮಾತೇ. ಆದರೆ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರ ತಮ್ಮ ‘ಮೋರ್ ವರ್ಕ್ ಫಾರ್ ಮದರ್’ ಪುಸ್ತಕದಲ್ಲಿ ಇನ್ನೊಂದು ಮಗ್ಗುಲನ್ನು ತೋರಿಸಿದರು. ಮೊದಲು ಒಗೆತಕ್ಕೆ ಕೂಲಿಯ ಹೆಂಗಸರೋ ಲಾಂಡ್ರಿಯೋ ಇದ್ದವು. ಮೆಷಿನ್ ಬಂದ ಮೇಲೆ ಆ ಕೆಲಸ ಮನೆಗೇ ವಾಪಸ್ ಬಂದು ಒಬ್ಬಳ ತಲೆಯ ಮೇಲೆ ಕೂತಿತು. ಜೊತೆಗೆ ಶುಭ್ರತೆಯ ಮಟ್ಟವೂ ಏರಿತು. ವಾರಕ್ಕೊಮ್ಮೆ ಬದಲಾಗುತ್ತಿದ್ದ ಅಂಗಿ ದಿನಕ್ಕೊಂದಾಯಿತು. ನಮ್ಮ ಮನೆಗಳಲ್ಲೂ ಹಾಗೇ ತಾನೇ? ಒಂದೇ ಸಲ ಮೈ ಒರೆಸಿದ ಟವಲ್ಲು, ಅರ್ಧ ಗಂಟೆ ತೊಟ್ಟ ಟೀ ಶರ್ಟು, ಎಲ್ಲ ಸೀದಾ ಮೆಷಿನ್ನಿಗೆ. “ಹೇಗಿದ್ರೂ ಮೆಷಿನ್ ಒಗೆಯುತ್ತಲ್ಲಾ!”

ಕೇಳಿ ಮಾಡಿದ ಯಂತ್ರ

ಹಿಡಿಯಂತ್ರದ ಕಾಲ ಮುಗಿದೇಹೋಯಿತು ಅಂದುಕೊಳ್ಳಬೇಡಿ. ಕೇರಳದ ಮಲಪ್ಪುರಂ ಜಿಲ್ಲೆಯ ರೆಮ್ಯಾ ಜೋಸ್ ಶಾಲಾ ಹುಡುಗಿಯಾಗಿದ್ದಾಗ, ಅಮ್ಮ ಕಾಯಿಲೆ ಬಿದ್ದು ಬಟ್ಟೆ ಒಗೆಯುವ ಹೊರೆ ತನ್ನ ಮೇಲೆ ಬಂದಾಗ, ಸೈಕಲ್ಲಿನ ಪೆಡಲ್ ಜೋಡಿಸಿ ಕರೆಂಟಿಲ್ಲದೆ ನಡೆಯುವ ಒಗೆಯುವ ಯಂತ್ರವನ್ನೇ ರೂಪಿಸಿದರು. ಒಳಗೆ ಜಾಲರಿಯ ಉರುಳೆ, ತುಳಿದರೆ ಗಿರಗಿರ. ಅದೇ ಹಳೆಯ ಪಂಜರ! ನ್ಯಾಷನಲ್ ಇನೊವೇಶನ್ ಫೌಂಡೇಶನ್ ಇವರನ್ನು ಗೌರವಿಸಿತು. ಇನ್ನು ಬ್ರಿಟನ್ನಿನ ಎಂಜಿನಿಯರ್ ನವಜೋತ್ ಸಾಹ್ನಿ ತಮಿಳುನಾಡಿನ ಹಳ್ಳಿಯೊಂದರಲ್ಲಿದ್ದಾಗ, ನೆರೆಮನೆಯ ಹೆಂಗಸು ಬಟ್ಟೆ ಒಗೆದು ಸುಸ್ತಾಗುವುದನ್ನು ಕಂಡು ಕೈಯಿಂದ ತಿರುಗಿಸುವ ಯಂತ್ರ ಮಾಡಿದರು. ಆಕೆಯ ಹೆಸರನ್ನೇ ಇಟ್ಟು ಅದನ್ನು ‘ದಿವ್ಯಾ’ ಅಂತ ಕರೆದರು. ಇರಾಕ್‌ನ ನಿರಾಶ್ರಿತರ ಶಿಬಿರಗಳಿಗೂ ಅದು ಹೋಗಿದೆ. ಈ ಎರಡೂ ಒಗೆಯುವವರ ಕಷ್ಟದಿಂದಲೇ ಶುರುವಾದ ಯಂತ್ರಗಳು. ನನಗೆ ಇಷ್ಟವಾಗೋದು ಅದೇ.

ನಿಮ್ಮ ಮೆಷಿನ್ನಿಗೆ ಹಳೇ ಯಂತ್ರದ ಪಾಠ

* ಡ್ರಮ್ ತುಂಬ ಬಟ್ಟೆ ತುರುಕಬೇಡಿ. ಬಟ್ಟೆ ಮೇಲೇರಿ ಬೀಳಲು ಜಾಗವಿದ್ದರೇ ಕೊಳೆ ಹೋಗೋದು. ಮೇಲೆ ಒಂದು ಅಂಗೈಯಷ್ಟು ಜಾಗವಿರಲಿ.
* ಲಂಗದ ಲಾಡಿ ಗಂಟು ಹಾಕಿ, ಹುಕ್ಕು, ಜಿಪ್ಪು ಮುಚ್ಚಿ, ಸೆರಗಿನ ಪಿನ್ ತೆಗೆಯಿರಿ. ಸೀರೆ, ದುಪಟ್ಟಾಗಳನ್ನು ಜಾಲರಿ ಚೀಲಕ್ಕೆ ಹಾಕಿದರೆ ಹಗ್ಗವಾಗೋದಿಲ್ಲ.
* ಕಾಲರ್, ಕಫ್‌ಗಳಿಗೆ ಮೊದಲೇ ಸೋಪು ಹಚ್ಚಿ ಹತ್ತು ನಿಮಿಷ ಬಿಡಿ. ಕೊಳೆ ಎಲ್ಲಿದೆ ಅಂತ ಮೆಷಿನ್ನಿಗೆ ಗೊತ್ತಿಲ್ಲ.
* ಸೆಮಿ ಆಟೊಮ್ಯಾಟಿಕ್ ಆದರೆ ಹಿಂಡುವ ಡ್ರಮ್ ಪೂರ್ತಿ ನಿಲ್ಲುವ ತನಕ ಕೈ ಹಾಕಲೇಬೇಡಿ. ಮಕ್ಕಳನ್ನೂ ದೂರವಿಡಿ.
* ಬೋರ್‌ವೆಲ್ಲಿನ ಗಡಸು ನೀರಾದರೆ ಮೆಷಿನ್ನಿನೊಳಗೆ ಬಿಳಿ ಪಾಚಿಯಂತೆ ಕಟ್ಟುತ್ತದೆ. ಮೆಷಿನ್ ಜೊತೆ ಬಂದ ಪುಸ್ತಕ ನೋಡಿ ಆಗಾಗ ತೊಳೆಸಿ.

ಕೊನೆಯ ಸಲಹೆ ಮೆಷಿನ್ನಿಗಲ್ಲ, ಮನೆಯವರಿಗೆ. ಈ ಭಾನುವಾರ ಒಂದು ಹಾಳೆಯಲ್ಲಿ ಬಟ್ಟೆ ಕೆಲಸದ ಹಂತಗಳನ್ನೆಲ್ಲ ಬರೆಯಿರಿ, ಜೇಬು ತಡಕೋದರಿಂದ ಹಿಡಿದು ಕಪಾಟಿಗೆ ಇಡುವ ತನಕ. ಪ್ರತಿ ಹಂತದ ಮುಂದೆ ಅದನ್ನು ಮಾಡುವವರ ಹೆಸರು ಬರೆಯಿರಿ. ಎಲ್ಲ ಸಾಲಿನಲ್ಲೂ ನಿಮ್ಮದೇ ಹೆಸರು ಬಂದರೆ ಆ ಹಾಳೆಯನ್ನು ಫ್ರಿಜ್ ಮೇಲೆ ಅಂಟಿಸಿ, ಎರಡೋ ಮೂರೋ ಹೆಸರು ಬದಲಾಗುವ ತನಕ ತೆಗೆಯಬೇಡಿ. ಮಡಚೋದಕ್ಕೆ ಹೈಸ್ಕೂಲ್ ಹುಡುಗನ ಕೈ ಸಾಕು. ಹರವೋದಕ್ಕೆ ಗಂಡನ ಎತ್ತರ ಅನುಕೂಲವೇ!

ಇನ್ನೂರೈವತ್ತು ವರ್ಷದಿಂದ ಯಂತ್ರ ಮಾಡುವವರು ಹಿಡಿಯನ್ನು ಸುಲಭ ಮಾಡುತ್ತಲೇ ಬಂದರು. ಅದು ಈಗ ಬೆರಳ ತುದಿಯ ಗುಂಡಿಯಾಗಿದೆ. ಆದರೆ ಅದನ್ನು ಬೇರೆಯವರ ಕೈಗೂ ಕೊಡುವ ಕೆಲಸ ಯಾವ ಕಂಪನಿಯೂ ಮಾಡಿಕೊಡೋದಿಲ್ಲ. ಅದನ್ನು ನಾವೇ ಮಾಡಬೇಕು. ಏನಂತೀರಿ?