ಫ್ಯೂಸು ಹೋದ ಪಾಳಿಯ ಕೂಲಿ ಯಾರ ಲೆಕ್ಕಕ್ಕೆ?

ಗಿರಣಿ ಬಡಾವಣೆಗೆ ವಿದ್ಯುಚ್ಛಕ್ತಿ ತರುವ 11,000 ವೋಲ್ಟಿನ ಲೈನಿನಲ್ಲಿ ಫ್ಯೂಸು ಮತ್ತೆ ಹೋಗಿದೆ. ಈ ಮಳೆಗಾಲದಲ್ಲಿ ಇದು ಎಷ್ಟನೆಯ ಸಲವೆಂದು ಕೇಳಿದರೆ ವಿದ್ಯುತ್ ಕಚೇರಿಯಲ್ಲಿ ಹೇಳುವವರಿಲ್ಲ. ರಾತ್ರಿ ಪಾಳಿಯವರನ್ನು ಕೇಳಿದರೆ ಬೆರಳು ಮಡಿಸಿ ಎಣಿಸುತ್ತಾರೆ. ಪ್ರತಿ ಸಲವೂ ನಡೆಯುವುದು ಒಂದೇ. ಲೈನ್‌ಮನ್ ಬರುತ್ತಾರೆ, ಕಂಬ ಹತ್ತುತ್ತಾರೆ, ಹೊಸ ತಂತಿ ಕಟ್ಟಿ ಇಳಿಯುತ್ತಾರೆ. ಪುಸ್ತಕದಲ್ಲಿ 'ಸರಿಪಡಿಸಲಾಗಿದೆ' ಎಂದು ಬರೆಯಲಾಗುತ್ತದೆ. ಮುಂದಿನ ಮಳೆಗೆ ಮತ್ತೆ ಕತ್ತಲೆ.

ಸರಿಪಡಿಸಿದ್ದು ಏನನ್ನು? ಫ್ಯೂಸು ಕಾವಲಿನವನಿದ್ದಂತೆ. ಮಿತಿಮೀರಿ ಕರೆಂಟು ಹರಿದಾಗ ತಾನು ಕರಗಿ ಟ್ರಾನ್ಸ್‌ಫಾರ್ಮರನ್ನು ಉಳಿಸುವುದೇ ಅದರ ಕೆಲಸ. ಒಮ್ಮೆ ಹೋದರೆ ಆಕಸ್ಮಿಕವೆನ್ನೋಣ. ಪದೇ ಪದೇ ಹೋಗುತ್ತಿದ್ದರೆ ದೋಷವು ಲೈನಿನಲ್ಲಿಯೋ ಟ್ರಾನ್ಸ್‌ಫಾರ್ಮರಿನಲ್ಲಿಯೋ ಗಿರಣಿಯ ಒಳಗೋ ಇನ್ನೂ ಹಾಗೆಯೇ ಕುಳಿತಿದೆ ಎಂದೇ ಅರ್ಥ.

ಅಧಿಕಾರಿಗಳ ಬಾಯಲ್ಲಿ ಸಿದ್ಧ ಉತ್ತರವೊಂದಿದೆ: 'ಲೋಡು ಜಾಸ್ತಿ.' ಇದ್ದರೂ ಇರಬಹುದು. ಆದರೆ ಅಳೆದು ನೋಡಿದವರು ಯಾರು? 250 ಕೆ.ವಿ.ಎ. ಟ್ರಾನ್ಸ್‌ಫಾರ್ಮರು ಪೂರ್ತಿ ಹೊರೆ ಹೊತ್ತಾಗ 11,000 ವೋಲ್ಟಿನ ಕಡೆ ಎಳೆಯುವುದು ಸುಮಾರು 13 ಆಂಪಿಯರು. ಶಾಲೆಯ ಹುಡುಗನೂ ಮಾಡಬಹುದಾದ ಲೆಕ್ಕವಿದು. ಒಂದು ವಾರ ಮೀಟರು ಹಚ್ಚಿ ಬರೆದಿಟ್ಟರೆ ಸಂಗತಿ ಹೊರಬೀಳುತ್ತದೆ. ಹೊರೆಯೇ ಕಾರಣವಾಗಿದ್ದರೆ ಎಲ್ಲ ಯಂತ್ರಗಳೂ ಓಡುವ ಹೊತ್ತಿನಲ್ಲಿ ಫ್ಯೂಸು ಹೋಗಬೇಕು. ಅರ್ಧ ಯಂತ್ರಗಳು ನಿಂತಿರುವ ನಡುರಾತ್ರಿ, ಅದೂ ಮಳೆ ಹಿಡಿದಾಗಲೇ ಹೋಗುವುದಾದರೆ ಬೇರೆ ಕಡೆ ಹುಡುಕಬೇಕು. ಕೂದಲೆಳೆಯಷ್ಟು ಬಿರುಕು ಬಿಟ್ಟ ಪಿಂಗಾಣಿ ಇನ್ಸುಲೇಟರು ಒದ್ದೆಯಾದಾಗ ಕರೆಂಟು ಸೋರುತ್ತದೆ. ಮರುದಿನ ಬಿಸಿಲೇರಿ ಒಣಗಿದ ಮೇಲೆ ಸಾಹೇಬರು ಬಂದು ಕೆಳಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ! ಗಾಳಿಗೆ ತಂತಿಯನ್ನು ಸವರುವ ಕೊಂಬೆ, ಕೆಟ್ಟುಹೋದ ಸಿಡಿಲು ತಡೆ, ನೀರಿನಂಶ ಸೇರಿದ ಟ್ರಾನ್ಸ್‌ಫಾರ್ಮರ್ ಎಣ್ಣೆ, ಮೇಲೆ ಹತ್ತಿದ ಅಳಿಲು, ಇವೂ ಕಾರಣಗಳೇ. ಪ್ರತಿ ಸಲವೂ ಒಂದೇ ಫೇಸಿನ ಫ್ಯೂಸು ಹೋಗುತ್ತಿದ್ದರೆ ಹುಡುಕುವ ಕೆಲಸ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಯಾವ ಫೇಸೆಂದು ಬರೆದಿಟ್ಟವರು ಯಾರು?

ಕರೆಂಟು ಮರಳಿ ಬಂದ ಕ್ಷಣದಲ್ಲೇ ಫ್ಯೂಸು ಹೋದರೆ ಅದು ಬೇರೆ ಕಥೆ. ಮೋಟಾರು ಹೊರಡುವಾಗ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಸ್ವಿಚ್ಚುಗಳನ್ನು ಹಾಕಿಯೇ ಬಿಟ್ಟಿದ್ದರೆ ಎಲ್ಲ ಮೋಟಾರುಗಳೂ ಒಟ್ಟಿಗೆ ಏಳುತ್ತವೆ. ಇದನ್ನು ತಡೆಯಬೇಕಾದವರು ಗಿರಣಿಯ ಆಡಳಿತದವರು. ಕಂಪನಿಯ ಮೇಲೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಮೂರರಲ್ಲಿ ಒಂದು ಫ್ಯೂಸು ಹೋದಾಗ ಅದೊಂದನ್ನೇ ಬದಲಿಸುವ ಜಿಪುಣತನವೂ ಇದೆ. ಅದೇ ದೋಷದಲ್ಲಿ ಅರ್ಧ ಬೆಂದ ಉಳಿದೆರಡು ಮುಂದೆ ಕಾರಣವಿಲ್ಲದೆಯೇ ಹೋಗುತ್ತವೆ.

ಎಲ್ಲಕ್ಕಿಂತ ಕೆಟ್ಟದ್ದು ದಪ್ಪ ತಂತಿಯ ಉಪಾಯ. ಮತ್ತೆ ಮತ್ತೆ ಕಂಬ ಹತ್ತುವ ಕಾಟ ತಪ್ಪಲೆಂದು ಕೈಗೆ ಸಿಕ್ಕ ದಪ್ಪ ತಂತಿ ಕಟ್ಟಿದರೆ ಫ್ಯೂಸು ಹೋಗುವುದಿಲ್ಲ, ಟ್ರಾನ್ಸ್‌ಫಾರ್ಮರೇ ಹೋಗುತ್ತದೆ. ಇದಕ್ಕೆ ನಾವು ಲೈನ್‌ಮನ್‌ನನ್ನು ದೂರಲಾರೆವು. ಗುತ್ತಿಗೆಯ ಸಂಬಳದಲ್ಲಿ ಮಳೆಯಲ್ಲಿ ನೆನೆಯುತ್ತ ಕಂಬ ಹತ್ತುವವನ ಚೀಲದಲ್ಲಿ ಸರಿಯಾದ ಅಳತೆಯ ತಂತಿ ಇಡಬೇಕಾದವರು ಮೇಲಿನವರು. ಆತ ಹತ್ತುವ ಮೊದಲು ಲೈನನ್ನು ಕತ್ತರಿಸಿ ಅರ್ಥ್ ಮಾಡುವಷ್ಟು ಸಮಯವನ್ನೂ 'ಬೇಗ, ಬೇಗ' ಎನ್ನುವ ಫೋನುಗಳು ಕೊಡುವುದಿಲ್ಲ.

ಪೇಟೆಯ ವರ್ತಕರಿಗೊಂದು ಮಾತು. ಮೇಲಿನ ಲೈನಿನ ಒಂದು ಫ್ಯೂಸು ಹೋದಾಗ ಅಂಗಡಿಯ ದೀಪ ಪೂರ್ತಿ ಆರುವುದಿಲ್ಲ. ಸಾಮಾನ್ಯವಾಗಿ ಎರಡು ಫೇಸುಗಳಲ್ಲಿ ವೋಲ್ಟೇಜು ಅರ್ಧಕ್ಕಿಳಿಯುತ್ತದೆ. ಬಲ್ಬು ಕೆಂಪಗೆ ಉರಿಯುತ್ತದೆ, ಫ್ಯಾನು ತೆವಳುತ್ತದೆ. ಆ ಹೊತ್ತಿನಲ್ಲಿ ಹಿಟ್ಟಿನ ಗಿರಣಿಯ ಮೋಟಾರು ಓಡುತ್ತಿದ್ದರೆ ಸುರುಳಿ ಸುಟ್ಟೀತು. ದೀಪ ಮಂಕಾದ ಕೂಡಲೇ ಮೋಟಾರು ನಿಲ್ಲಿಸಿ. ಕಂಬದ ಹತ್ತಿರ ಮಾತ್ರ ಯಾರೂ ಹೋಗಬೇಡಿ.

ಇನ್ನು ಕೂಲಿಯ ಮಾತು. 2003ರ ವಿದ್ಯುಚ್ಛಕ್ತಿ ಕಾಯಿದೆಯ 57ನೆಯ ಕಲಮಿನಂತೆ ಗೊತ್ತುಪಡಿಸಿದ ಮಟ್ಟದ ಸೇವೆ ಕೊಡದ ಕಂಪನಿ ಬಾಧಿತರಿಗೆ ಪರಿಹಾರ ತೆರಬೇಕು. ಕಚೇರಿಯ ಕಣ್ಣಿಗೆ ಬಾಧಿತರೆಂದರೆ ಆರ್.ಆರ್. ನಂಬರು ಉಳ್ಳವರು. ಗಿರಣಿಯ ಆರ್.ಆರ್. ನಂಬರು ಇರುವುದು ಮಾಲೀಕರ ಹೆಸರಿನಲ್ಲಿ. ಪಾಳಿ ಕಳೆದುಕೊಂಡವನಿಗೆ ನಂಬರೇ ಇಲ್ಲ. ಆದರೆ ಅವನಿಗೆ ಬೇರೊಂದು ಹಕ್ಕಿದೆ. ವಿದ್ಯುತ್ತಿನ ಕೊರತೆಯಿಂದ ಕೆಲಸ ಕೊಡಲಾಗದಿದ್ದರೆ ಅದೂ ಲೇ-ಆಫ್. 50 ಅಥವಾ ಹೆಚ್ಚು ಕಾರ್ಮಿಕರಿರುವ ಗಿರಣಿಯಲ್ಲಿ ಒಂದು ವರ್ಷ ಸತತ ದುಡಿದವನಿಗೆ ಆ ದಿನದ ಮೂಲ ವೇತನ ಮತ್ತು ತುಟ್ಟಿಭತ್ಯದ ಅರ್ಧ ಸಲ್ಲಬೇಕು. 1953ರಲ್ಲಿ ಕೈಗಾರಿಕಾ ವಿವಾದಗಳ ಕಾಯಿದೆಗೆ ಸೇರಿದ ಈ ಹಕ್ಕನ್ನು 2020ರ ಸಂಹಿತೆಯೂ ಉಳಿಸಿಕೊಂಡಿದೆ. 'ಕರೆಂಟಿಲ್ಲ' ಎಂಬ ಸುದ್ದಿ ಕೇಳಿ ಮನೆಯಲ್ಲೇ ಉಳಿದರೆ ಹಕ್ಕು ಹೋಗುತ್ತದೆ. ಹೊತ್ತಿಗೆ ಸರಿಯಾಗಿ ಗೇಟಿಗೆ ಬಂದು ಹಾಜರಿ ಹಾಕಿಸಲೇಬೇಕು. ಬದಲಿಯವರಿಗೆ ಮತ್ತು ದಿನಗೂಲಿಯವರಿಗೆ ಈ ಅರ್ಧವೂ ಇಲ್ಲವೆಂಬುದು ಆ ಕಾನೂನಿನ ಕಳಂಕ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 150 ಕಿಲೋಮೀಟರು ದೂರ ವಿದ್ಯುತ್ತು ಒಯ್ದ ನಾಡಿದು. ಊರಂಚಿನ ಸಬ್‌ಸ್ಟೇಷನ್ನಿನಿಂದ ಗಿರಣಿಯ ಗೇಟಿನವರೆಗೆ ಒಯ್ಯಲಾರೆವೆಂದರೆ ಯಾರು ನಂಬುತ್ತಾರೆ?

ನಾವು ಕೇಳುವುದಿಷ್ಟು. ಫ್ಯೂಸು ಹೋದಾಗಲೆಲ್ಲ ದಿನ, ಹೊತ್ತು, ಫೇಸು, ಹಾಕಿದ ತಂತಿಯ ಅಳತೆ, ಆಗಿನ ಮಳೆಗಾಳಿ ಪುಸ್ತಕದಲ್ಲಿ ದಾಖಲಾಗಲಿ. ಆ ಪುಸ್ತಕವನ್ನು ಸಂಘದವರಿಗೂ ವರ್ತಕರಿಗೂ ತೋರಿಸಲಿ. ಲೈನಿನ ಇನ್ಸುಲೇಟರುಗಳನ್ನು ಒಂದೊಂದಾಗಿ ಪರೀಕ್ಷಿಸಲಿ, ಟ್ರಾನ್ಸ್‌ಫಾರ್ಮರಿನ ಎಣ್ಣೆಯನ್ನೂ ಪರೀಕ್ಷೆಗೆ ಕಳಿಸಲಿ. ಅಲ್ಲಿಯವರೆಗೆ ಆ ಪುಸ್ತಕವನ್ನು ನಾವೇ ಇಡೋಣ. ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು, ಮಳೆಯಿತ್ತೆ, ಯಾವ ಬೀದಿಯ ದೀಪ ಮಂಕಾಯಿತು, ಎಷ್ಟು ಜನರನ್ನು ಮನೆಗೆ ಕಳಿಸಿದರು ಎಂಬುದನ್ನು ಬರೆದು ಪಕ್ಷದ ಕಚೇರಿಗೆ ಮುಟ್ಟಿಸಿ. ತಿಂಗಳ ಕೊನೆಗೆ ಅದೆಲ್ಲವನ್ನೂ ಸೇರಿಸಿ ಕಾರ್ಯನಿರ್ವಾಹಕ ಎಂಜಿನಿಯರರ ಮೇಜಿನ ಮೇಲಿಡುತ್ತೇವೆ. ಒಂದು ಪ್ರತಿಯನ್ನು ಗಿರಣಿಯ ಆಡಳಿತಕ್ಕೂ ಕೊಡುತ್ತೇವೆ.