ನೂಲಿಗೆ ಗಂಜಿ, ತಂತಿಗೆ ಹೊದಿಕೆ

ಬೆಳಗಾವಿಯ ಖಾಸಬಾಗ ನೇಕಾರರ ನೆಲೆ. ಹತ್ತಿಯ ಹಾಸುನೂಲಿಗೆ ಗಂಜಿ ಏಕೆಂದು ಅಲ್ಲಿಯ ಹಿರಿಯರನ್ನು ಕೇಳಿದರೆ, ಮೈಮೇಲೆದ್ದ ನಾರೆಳೆಗಳು ಅಂಟಿಕೊಂಡು ನೂಲು ಕಡಿಯದಿರಲೆಂದು, ಎಂದಾರು. ಭೌತವಿಜ್ಞಾನಿಯ ನೂಲು ಇದಕ್ಕಿಂತ ಬಹು ಸಣ್ಣದು. ಗ್ಯಾಲಿಯಂ ಆರ್ಸೆನೈಡೆಂಬ ಅರೆವಾಹಕದ ನ್ಯಾನೋತಂತಿಯ ದಪ್ಪ ಸುಮಾರು 100 ನ್ಯಾನೋಮೀಟರು, ಎಂದರೆ ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲು. ಅದರ ತೊಡಕೂ ಮೈಯಲ್ಲಿಯೇ ಇದೆ. ಹೊರಗಣ ಪರಮಾಣುಗಳಿಗೆ ಒಂದು ಕಡೆ ನೆರೆಯವರಿಲ್ಲ. ಅವುಗಳ ಬಂಧಗಳು ಅರ್ಧಕ್ಕೇ ನಿಂತಿರುತ್ತವೆ. ಬೆಳಕನ್ನು ಸೂಸಬೇಕಾದ ಇಲೆಕ್ಟ್ರಾನು ಅಲ್ಲಿ ಸಿಕ್ಕಿಕೊಂಡು ತನ್ನ ಶಕ್ತಿಯನ್ನು ಶಾಖವಾಗಿ ಕಳೆದುಕೊಳ್ಳುತ್ತದೆ. ತಂತಿ ಸಣ್ಣದಾದಷ್ಟೂ ಒಡಲು ಕಡಮೆ, ಮೈಯೇ ಹೆಚ್ಚು.

ಪರಿಹಾರಗಳಲ್ಲಿ ಎರಡು ಮುಖ್ಯವಾದವು. ಸಲ್ಫೈಡ್ ದ್ರಾವಣದಲ್ಲಿ ಅದ್ದಿದರೆ ಗಂಧಕವು ಆ ಬಂಧಗಳನ್ನು ಹಿಡಿದುಕೊಳ್ಳುತ್ತದೆ. ಗ್ಯಾಲಿಯಂ ಆರ್ಸೆನೈಡಿನ ಸಾಧನಗಳಲ್ಲಿ ಅಮೆರಿಕದ ಸಂಶೋಧಕರು 1987ರಲ್ಲಿಯೇ ಇದರ ಗುಣವನ್ನು ತೋರಿಸಿದ್ದರು. ಕಾಂತಿಯೇನೋ ಒಡನೆ ಏರುತ್ತದೆ. ಆದರೆ ಗಾಳಿಗೆ ಸಿಕ್ಕಿ ಕ್ರಮೇಣ ಮಂಕಾಗುತ್ತದೆ. ತಂತಿಯ ಸುತ್ತಲೂ ಅಲ್ಯೂಮಿನಿಯಂ ಗ್ಯಾಲಿಯಂ ಆರ್ಸೆನೈಡಿನ ಹೊದಿಕೆಯನ್ನೇ ಬೆಳೆಸುವುದು ಇನ್ನೊಂದು ಬಗೆ. ಶ್ರಮ ಹೆಚ್ಚು, ಬಾಳಿಕೆಯೂ ಹೆಚ್ಚು. 2013ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ವಿಶ್ವವಿದ್ಯಾಲಯದವರು ಕೋಣೆಯ ಉಷ್ಣತೆಯಲ್ಲಿಯೇ ಇಂತಹ ತಂತಿಯಿಂದ ಲೇಸರು ಬೆಳಕನ್ನು ಪಡೆದುದು ಈ ಹೊದಿಕೆಯ ಬಲದಿಂದ.

ನನ್ನ ಒಲವು ಹೊದಿಕೆಯ ಕಡೆಗೆ. ಅದ್ದಿದ ದಿನದ ಹೊಳಪನ್ನು ಮಾತ್ರ ಅಳೆದು ಯಶಸ್ಸೆಂದು ಸಾರುವುದು ನ್ಯಾಯವಲ್ಲ. ಆರು ತಿಂಗಳ ತರುವಾಯದ ಅಳತೆಯನ್ನೂ ಅದರ ಪಕ್ಕದಲ್ಲಿಯೇ ಅಚ್ಚು ಹಾಕಬೇಕು.